ಖಾರ್ಟೂಮಿನಿಂದ ಕೈರೋಗೆ ಎಳೆದ ನೂಲು

ಅರವತ್ತೊಂದನೆಯ ಬತ್ತಿ ತೊಡೆಯ ಮೇಲಿತ್ತು. ಶ್ರಾವಣಕ್ಕೆ ಬೇಕಾಗುವ ಬತ್ತಿಗಳನ್ನು ಆಷಾಢದಲ್ಲೇ ಹೊಸೆದಿಡುವುದು ನಮ್ಮ ಮನೆಯ ರೂಢಿ. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ನೂಲನ್ನು ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲೆ ಒಂದೇ ಎಳೆತಕ್ಕೆ ಹೊಸೆಯಬೇಕು. ಎರಡನೆಯ ಸಲ ತಿಕ್ಕಿದ ಬತ್ತಿ ಉರಿಯುವಾಗ ಚಟಚಟ ಅನ್ನುತ್ತದೆ ಎಂದು ಅತ್ತೆ ಕಲಿಸಿದ್ದರು. ಅತ್ತೆ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಸೈನ್ಯಕ್ಕೆ ಹೋದ ಗಂಡ ಸುಖವಾಗಿ ಬಂದರೆ ಸಾಕು ಎಂದು ಈಶ್ವರನ ಗುಡಿಗೆ ನೂರೆಂಟು ಬತ್ತಿ ಹರಕೆ ಹೊತ್ತಿದ್ದೆ. ಎರಡನೆಯ ಮಹಾಯುದ್ಧ ಸುರುವಾಗಿ ಎರಡನೆಯ ವರ್ಷ ಅದು. ಹಾನಗಲ್ಲ ತಾಲೂಕಿನ ಆಡೂರಿನಲ್ಲಿ ನಮ್ಮ ಮನೆ.

ಪಡಸಾಲೆಯಲ್ಲಿ ಖಾಕಿ ಅಂಗಿಯ ಒಬ್ಬ ಬಂದು ನಿಂತ. ಕಣ್ಣು ಹಳದಿ, ಮೈ ಒಣಗಿದ ಕಟ್ಟಿಗೆ. ಗಂಡನ ಅಣ್ಣ, ಅಂದರೆ ನನ್ನ ಭಾವ, ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಅವನ ಹೆಂಡತಿ, ನನ್ನ ನೆಗೆಣ್ಣಿ, ಬಾಗಿಲಿನ ಹತ್ತಿರ ಜೋಳ ಹಸನು ಮಾಡುತ್ತಿದ್ದಳು.

"ಸಾವಕಾರ್ರ, ನಾ ತಡಸದಾಂವ. ನಿಮ್ಮ ತಮ್ಮನ ಜೋಡಿ ಒಂದ ಕಂಪನ್ಯಾಗ ಲಾರಿ ಹೊಡೀತಿದ್ನಿ" ಅಂದ.

"ಏನಾತೋ ತಮ್ಮಾ, ಲಗೂನ ಹೇಳು" ಅಂದಳು ನೆಗೆಣ್ಣಿ. ಮೊರ ಕೆಳಗಿಟ್ಟಿರಲಿಲ್ಲ.

"ಆಫ್ರಿಕಾದಾಗ ಖಾರ್ಟೂಮ್ ಅಂತ ಊರು ಐತ್ರಿ. ಅಲ್ಲಿ ದವಾಖಾನ್ಯಾಗ ಇಬ್ರೂ ಇದ್ವಿ. ನನಗ ಚಳಿಜ್ವರ. ಅವಂಗ ಲಾರಿ ಪಲ್ಟಿ ಹೊಡದು ಎದಿ ಜಜ್ಜಿತ್ತು. ವೈಶಾಖದ ಬಾದಾಮಿ ಅಮಾಸಿ ಸೋಮವಾರ ಬಂದಿತ್ತಲ್ರಿ, ನಾ ಒಪ್ಪತ್ತು ಇದ್ನಿ, ಅದಕ್ಕ ದಿನಾ ನೆನಪೈತಿ. ಅವತ್ತ ಸಂಜಿಗೆ ಅವಂಗ ಮಾತು ನಿಂತಿತ್ತು. ಮಂಗಳವಾರ ಮುಂಜಾನಿ ಎದ್ದು ನೋಡ್ತೇನಿ, ಖಾಟು ಖಾಲಿ. ಗಾದಿ ಬಿಸಲಿಗೆ ಹಾಕಿದ್ರು."

"ಯಾರನ್ನರ ಕೇಳ್ಲಿಲ್ಲೇನ?" ಎಂದ ಭಾವ.

"ಯಾರನ್ನ ಕೇಳ್ಲಿರಿ? ಬಿಳಿ ನರ್ಸ್‌ಬಾಯಿ ಮಾತು ನನಗ ತಿಳೀತಿರ್ಲಿಲ್ಲ. ಮೈಯಾಗ ಜ್ವರ ಬ್ಯಾರೆ. ಅವತ್ತ ಸಂಜಿಗೇ ನನ್ನ ರೈಲಿಗೆ ಹತ್ತಿಸಿ ಬಂದರಕ್ಕ ಕಳಿಸಿಬಿಟ್ರು."

ನೆಗೆಣ್ಣಿ ಬಾಯಿ ತೆರೆದು ಅತ್ತಳು. ಓಣಿಯೆಲ್ಲ ಕೇಳುವಂತೆ ಅತ್ತಳು. ಆದರೆ ಅಳುವ ಮೊದಲು ಆಕೆ ನನ್ನ ಕೈ ನೋಡಿದಳು. ಹನ್ನೆರಡು ಹಸಿರು ಬಳೆ ಇದ್ದವು ನನ್ನ ಕೈಯಲ್ಲಿ. ಆ ನೋಟವನ್ನು ನಾನು ನೋಡಿದೆ. ಉಳಿದದ್ದೆಲ್ಲ ಮರೆತರೂ ಅದನ್ನು ಮರೆಯುವುದಿಲ್ಲ ಎಂದು ಆಗಲೇ, ಬತ್ತಿ ಕೈಯಲ್ಲಿರುವಾಗಲೇ, ಶಿವನಿಗೆ ಹೇಳಿಟ್ಟೆ.

ನಾನು ಅಳಲಿಲ್ಲ. ಎದ್ದು ನಿಂತು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಮದುವೆಯಾಗಿ ಬಂದ ದಿನದಿಂದ ಭಾವನೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಹಾಗೆ ಮಾತಾಡಬಾರದು. ಹೇಳುವುದು ಏನಾದರೂ ಇದ್ದರೆ ಕಂಬಕ್ಕೋ ಬಾಗಿಲಿಗೋ ಹೇಳಬೇಕು, ಅವರು ಕೇಳಿಸಿಕೊಳ್ಳಬೇಕು. ನಾನು ಕಂಬಕ್ಕೆ ಹೇಳಿದೆ: "ಮನಶ್ಯಾ ಹೋದ್ರ ಸರಕಾರ ತಾರು ಕಳಸ್ತೈತಿ. ತಾರು ಬಂದಿಲ್ಲ. ತಾರು ಬರೂತನಾ ಬಳಿಗೆ ಯಾರೂ ಕೈ ಹಚ್ಚಬಾರದು."

"ಸರಕಾರಕ್ಕ ಲಕ್ಷಗಟ್ಟಲೆ ಮಂದಿ. ನಮ್ಮವನ ಪಾಳಿ ಯಾವಾಗ ಬರ್ತೈತೋ" ಎಂದು ಭಾವನೂ ಕಂಬಕ್ಕೇ ಉತ್ತರ ಕೊಟ್ಟ.

ತಾರು ಅಂದರೆ ತಂತಿ ಸುದ್ದಿ. ಅದು ಬರದೆ ಇದ್ದದ್ದು ನನ್ನ ಮೊದಲ ಸಣ್ಣ ಪುಣ್ಯ. ದೊಡ್ಡ ಪುಣ್ಯಗಳನ್ನು ಕೇಳುವ ಯೋಗ್ಯತೆ ನನಗಿಲ್ಲ. ಸಣ್ಣವನ್ನು ಬೆರಳಲ್ಲಿ ಎಣಿಸಿಕೊಂಡು ಬದುಕಿದವಳು ನಾನು.

ಮಕ್ಕಳಿರಲಿಲ್ಲ ನಮಗೆ. ಗಂಡ ಹೋದನೆಂದಾದರೆ ಬಾವಿಯ ಹೊಲ ಪೂರ್ತಿ ಭಾವನದು, ನಾನು ಹಿರೇಕೆರೂರಿನ ತವರಿಗೆ ಗಂಟು ಕಟ್ಟಿಕೊಂಡು ಹೋಗಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮರುದಿನದಿಂದ ನನ್ನನ್ನು ಉಪ್ಪಿನಕಾಯಿ ಗಡಿಗೆಯ ಹತ್ತಿರ ಬಿಡಲಿಲ್ಲ. ಬಾಗಿಲಿಗೆ ರಂಗೋಲಿ ಹಾಕಲು ಕೂತರೆ ನೆಗೆಣ್ಣಿ ಬಂದು ಬಟ್ಟಲು ತೆಗೆದುಕೊಂಡು ಹೋಗುತ್ತಿದ್ದಳು. ಬೆಳಿಗ್ಗೆ ನಾನು ಕುಂಕುಮ ಇಟ್ಟುಕೊಳ್ಳುವಾಗ ಹಿಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದಳು. ಸವಣೂರಿನ ಬಳೆಗಾರ ಅಜ್ಜ ಬಂದ ದಿನವಂತೂ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ಬಿಳಿ ಗಡ್ಡದ ಮುಸಲ್ಮಾನ ಅಜ್ಜ ಅವನು. ನನ್ನ ಮದುವೆಯಲ್ಲಿ ಬಳೆ ಇಟ್ಟವನೂ ಅವನೇ. ನನ್ನ ಪಾಳಿ ಬಂತು, ಕೈ ಚಾಚಿದೆ.

"ಆಕೀಗೆ ಬ್ಯಾಡ ಅಜ್ಜಾ" ಅಂದಳು ನೆಗೆಣ್ಣಿ, ಎಲ್ಲರ ಮುಂದೆ. "ಇದ್ದವನ್ನ ತಗಿಯೋ ದಿನಾ ಬಂದಾವ. ಹೊಸಾವು ಯಾಕ?"

ಹೆಂಗಸರು ತಲೆ ಕೆಳಗೆ ಹಾಕಿದರು. ಅಜ್ಜ ನನ್ನ ಕೈ ಬಿಡಲಿಲ್ಲ. "ಪಂಚಮಿಗೆ ಮತ್ತ ಬರ್ತೇನಿ ತಾಯಿ. ಆವಾಗ ಇಡ್ತೇನಿ" ಅಂದ. ಅಷ್ಟು ಜನರಲ್ಲಿ ಆ ಒಂದು ಮಾತು ನನ್ನ ಪಾಲಿಗೆ ಉಳಿಯಿತು. ಅದು ಎರಡನೆಯ ಪುಣ್ಯ.

ಹತ್ತು ದಿನ ಬಿಟ್ಟು ಕಾಗದ ಬಂತು. ಗಂಡನ ಕಾಗದ, ಆದರೆ ಅಕ್ಷರ ಬೇರೆಯವರದು. ಹಿರೇಕೆರೂರಿನ ಕನ್ಯಾಶಾಲೆಯಲ್ಲಿ ಮೂರನೆಯ ಇಯತ್ತೆ ತನಕ ಓದಿದ್ದೆನಾದ್ದರಿಂದ ನಾನೇ ಓದಿದೆ. 'ಕೈ ಎತ್ತಲು ಆಗುವುದಿಲ್ಲ, ಬೆಳಗಾವಿಯ ಗೆಳೆಯನ ಕೈಯಿಂದ ಬರೆಸಿದ್ದೇನೆ. ಎದೆಗೆ ಪೆಟ್ಟಾಗಿದೆ, ಜೀವಕ್ಕೆ ಭಯವಿಲ್ಲ. ಬಾವಿಯ ಹತ್ತಿರದ ನುಗ್ಗೆಗಿಡ ಕಡಿಯಬೇಡಿ.' ನಡುವೆ ಎರಡು ಸಾಲಿಗೆ ಕರಿ ಮಸಿ ಬಳಿದಿದ್ದರು. ಸೈನ್ಯದ ಕಾಗದಗಳನ್ನು ಮೊದಲು ಸರಕಾರದವರು ಓದಿ, ಹೇಳಬಾರದ್ದನ್ನು ಅಳಿಸಿ ಕಳಿಸುತ್ತಿದ್ದರು. ಮೇಲೆ ಬರೆದಿದ್ದ ಊರಿನ ಹೆಸರಿಗೆ ಮಾತ್ರ ಮಸಿ ಬಿದ್ದಿರಲಿಲ್ಲ. ಕೈರೋ. ಪಕ್ಕದಲ್ಲಿ ತಾರೀಖು, ಬುಧವಾರ. ಮಠದ ಅಯ್ಯನವರು ಪಂಚಾಂಗ ತೆಗೆದು ನೋಡಿ, ಬಾದಾಮಿ ಅಮಾವಾಸ್ಯೆ ಆಗಿ ಎರಡನೆಯ ದಿನದ ಬುಧವಾರವೇ ಅದು ಎಂದರು.

ನನ್ನ ಕಾಲಿಗೆ ನೆಲ ಸಿಕ್ಕಂತಾಯಿತು. ಮಂಗಳವಾರ ಸತ್ತವನು ಬುಧವಾರ ನುಗ್ಗೆಗಿಡದ ಮಾತು ಹೇಗೆ ಬರೆಸುತ್ತಾನೆ?

ಆದರೆ ಭಾವ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ ಕೇಳಿದ: "ಖಾರ್ಟೂಮಿಗೂ ಕೈರೋಗೂ ಎಷ್ಟು ದೂರ ಅಂತೀನಿ?"

ಅದೇ ಸಂಜೆ ಊರ ಹಿರಿಯರನ್ನು ಸಾಲೆಗೆ ಕರೆದ. ಸಾಲೆಯ ಗುರುಗಳು ಗೋಡೆಗೆ ಆಫ್ರಿಕಾದ ನಕಾಶೆ ತೂಗುಹಾಕಿದರು. ನಾನು ಹೊರಗೆ ಕಿಡಕಿಯ ಹತ್ತಿರ ನಿಂತೆ. ಭಾವನ ಕೈಯಲ್ಲಿ ಬಿಳಿ ನೂಲಿನ ಉಂಡೆ ಇತ್ತು. ನೋಡಿದೆ, ನನ್ನ ಬತ್ತಿಯ ಬುಟ್ಟಿಯಿಂದ ತೆಗೆದದ್ದು. ದೇವರಿಗೆಂದು ತೆಗೆದಿಟ್ಟ ನೂಲಿನಿಂದ ನನ್ನ ಬಾಳು ಅಳೆಯಲು ಬಂದಿದ್ದ.

ಭಾವ ಹರೆಯದಿಂದಲೂ ಬಂಡಿ ಹೊಡೆದವನು. ಹತ್ತಿಯ ಅಂಡಿಗೆ, ಮೆಣಸಿನಕಾಯಿ ಚೀಲ ಹೇರಿಕೊಂಡು ಶಿಗ್ಗಾವಿ, ಹುಬ್ಬಳ್ಳಿ ಎಂದು ತಿರುಗಿದವನು. ದಾರಿಯ ವಿಷಯದಲ್ಲಿ ಅವನ ಮಾತಿಗೆ ಊರಲ್ಲಿ ಎದುರಿಲ್ಲ. ಗುರುಗಳು ಖಾರ್ಟೂಮನ್ನೂ ಕೈರೋವನ್ನೂ ಬೆರಳಿಟ್ಟು ತೋರಿಸಿದರು. ಎರಡೂ ಊರು ಒಂದೇ ನದಿಯ ದಂಡೆಯ ಮೇಲಿದ್ದವು. ಭಾವ ಖಾರ್ಟೂಮಿನ ಮೇಲೆ ನೂಲಿನ ತುದಿ ಒತ್ತಿ ಹಿಡಿದು, ಆ ನದಿಯ ಗುಂಟ, ಅದು ಡೊಂಕಾದಲ್ಲಿ ಡೊಂಕಾಗಿ, ತಿರುಗಿದಲ್ಲಿ ತಿರುಗಿ, ಕೈರೋ ತನಕ ನೂಲು ಕೂಡಿಸುತ್ತ ಹೋದ.

"ನದಿ ಗುಂಟನ ಯಾಕ್ರಿ ಸಾವಕಾರ್ರ?" ಅಂದರು ಗುರುಗಳು, ಮೆಲ್ಲಗೆ.

"ಗುರುಗಳ, ನೀವು ಪುಸ್ತಕ ಓದ್ರಿ. ಎತ್ತು ನೀರು ಕುಡೀಬೇಕು. ನೀರಿದ್ದಲ್ಲಿ ದಾರಿ ಹೋಗ್ತೈತಿ. ಸುತ್ತ ಮರಳು ಅಂತ ನೀವ ಹೇಳಿದ್ರಿ, ಮರಳಾಗ ಬಂಡಿ ಹೂಡತೀರೇನು?"

ನೂಲನ್ನು ನಕಾಶೆಯ ಮೂಲೆಯ ಅಳತೆಗೆ ಹಿಡಿದು ನೋಡಿ ಗುರುಗಳು ಹದಿನೇಳುನೂರು ಮೈಲು ಎಂದರು. ಹಿರಿಯರ ಬಾಯಿಂದ 'ಶಿವ ಶಿವಾ' ಬಂತು.

"ಕೇಳಿದ್ರೆಲ್ಲಾ? ಸೋಮವಾರ ಸಂಜಿಗೆ ಮಾತು ನಿಂತ ಮನಶ್ಯಾ, ಬುಧವಾರ ಹದಿನೇಳುನೂರು ಮೈಲು ಆಚೆ ಕುಂತು ಕಾಗದ ಬರಸ್ತಾನಂತ. ರೈಲು ಅಂದ್ರೂ ಐದಾರು ದಿನ ಬೇಕು. ಯಾರೋ ಗೆಣ್ಯಾ ಕೈರೋದಾಗ ಕುಂತು, ಈ ಖಬರ ತಿಳೀದ, ಹಿಂದ ಹೇಳಿದ್ದ ಮಾತು ನೆನಪು ಮಾಡ್ಕೊಂಡು ಬರದಾನ."

"ವಿಮಾನ ಅಂತ ಇರ್ತಾವಲ್ಲ" ಎಂದರು ಗುರುಗಳು.

"ವಿಮಾನದಾಗ ಗೌರ್ನರ ಸಾಹೇಬ ಕುಂದರ್ತಾನ. ನಮ್ಮ ತಮ್ಮನಂಥ ಲಾರಿ ಡ್ರೈವರನ ಯಾರು ಕುಂದರಸ್ತಾರ್ರಿ?" ಎಲ್ಲರೂ ನಕ್ಕರು. ನನ್ನ ಗಂಡ ಸತ್ತನೋ ಇಲ್ಲವೋ ಎಂದು ನೋಡಲು ಸೇರಿದವರು ನಕ್ಕರು. ನಕ್ಕವರ ಮುಖಗಳನ್ನು ಕಿಡಕಿಯಿಂದ ಒಂದೊಂದಾಗಿ ನೋಡಿಟ್ಟುಕೊಂಡೆ.

ನಾಗರ ಅಮಾವಾಸ್ಯೆಯ ಮರುದಿನ ಜಂಗಮರಿಗೆ ಊಟ ಹಾಕಿ ಬಳೆ, ತಾಳಿ ತೆಗೆಯುವುದು ಎಂದು ತೀರ್ಮಾನವಾಯಿತು. ಭಾವ ಅಳತೆಯ ಅಷ್ಟುದ್ದಕ್ಕೆ ನೂಲು ಕಡಿದು ಮನೆಗೆ ತಂದಿದ್ದ. ನೆಗೆಣ್ಣಿ ಅದನ್ನು ನನ್ನ ಉಡಿಯಲ್ಲಿ ಒಗೆದಳು.

"ತಗೋ. ನಿನ್ನ ಗಂಡ ಹೋದ ದಾರಿ ಇಷ್ಟುದ್ದ ಐತಂತ. ಬತ್ತಿ ಮಾಡ್ಕೋ."

ಒಂದೂವರೆ ಗೇಣು ನೂಲು. ಮಡಿಸಿ ಲಿಂಗದ ಕರಡಿಗೆಯ ಬಟ್ಟೆಯಲ್ಲಿ ಇಟ್ಟುಕೊಂಡೆ. ಅಂದು ಲಿಂಗಪೂಜೆಗೆ ಕೂತಾಗ ಮನಸ್ಸಿನ ಶಾಂತಿ ಬೇಡಲಿಲ್ಲ. ಸುಳ್ಳು ಹೇಳಲಾರೆ. 'ಈಕೆ ನನ್ನ ಕೈ ಮೊದಲು ನೋಡಿದಳಲ್ಲ, ಆ ಕೈಗೆ ಈಕೆಯ ಕೈಯಿಂದಲೇ ಬಳೆ ಇಡಿಸಪ್ಪಾ' ಎಂದು ಬೇಡಿದೆ. ಮಂತ್ರದ ಹಾಗೆ ಅದನ್ನೇ ಹೇಳಿದೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಪಂಚಮಿಗೆ ಕರೆದೊಯ್ಯಲು ಅಣ್ಣ ಹಿರೇಕೆರೂರಿನಿಂದ ಬಂಡಿ ಕಟ್ಟಿಕೊಂಡು ಬಂದ. ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಉಂಡಿ ಕಟ್ಟಲು ಬೆಲ್ಲ, ಜೋಕಾಲಿಗೆ ಹೊಸ ಹಗ್ಗ ಬಂಡಿಯಲ್ಲಿದ್ದವು.

"ಕರಕೊಂಡು ಹೋಗಪಾ, ತವರಿನ ಕಡೀ ಉಂಡಿ ತಿಂದು ಬರ್ಲಿ" ಅಂದಳು ನೆಗೆಣ್ಣಿ. "ಅಮಾಸಿ ಮರುದಿನಾ ಮಾತ್ರ ಇಲ್ಲಿ ಇರಬೇಕು."

ಬಂಡಿ ಊರು ದಾಟಿದ ಮೇಲೆ ಅಣ್ಣನಿಗೆ ಎಲ್ಲ ಹೇಳಿದೆ. ಅವನು ಎತ್ತುಗಳ ಬಾಲ ತಿರುವುವುದನ್ನೇ ಮರೆತ. "ಈಗ ಏನ್ ಮಾಡೋಣ ತಂಗೆವ್ವಾ?" ಅಂದ.

"ಹಾನಗಲ್ಲ ಪೋಸ್ಟಿಗೆ ಹೊಡಿ."

ನನಗೆ ಅಲ್ಲಿ ಏನು ಸಿಗುತ್ತದೆಂದು ಗೊತ್ತಿರಲಿಲ್ಲ. ಕಾಗದ ಆ ದೇಶದಿಂದ ಈ ದೇಶಕ್ಕೆ ಬರುವುದು ಪೋಸ್ಟಿನವರ ಕೈಯಿಂದ, ದಾರಿ ಗೊತ್ತಿದ್ದರೆ ಅವರಿಗೇ ಗೊತ್ತಿರಬೇಕು, ಅಷ್ಟೇ ನನ್ನ ವಿಚಾರ. ಪೋಸ್ಟಮಾಸ್ತರು ದಪ್ಪ ಚಾಳೀಸಿನವರು. ನನ್ನ ಮಾತು ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಅದನ್ನೂ ಒಂದು ಪುಣ್ಯವೆಂದು ಎಣಿಸಿಕೊಂಡೆ.

ಅವರು ಕಪಾಟಿನಿಂದ ಹಳೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಯುದ್ಧಕ್ಕೆ ಮೊದಲು ವಿಮಾನದ ಟಪಾಲಿಗೆಂದು ಬಂದ ವೇಳಾಪಟ್ಟಿ. ಮೇಲೆ ನಕಾಶೆ, ಕೆಳಗೆ ಊರಿನ ಹೆಸರುಗಳ ಸಾಲು.

"ನೋಡು ತಂಗಿ. ಇದು ಖಾರ್ಟೂಮ್. ಇಲ್ಲಿ ಕೈರೋ. ವಿಮಾನ ಮುಂಜಾನಿ ಖಾರ್ಟೂಮ್ ಬಿಡ್ತೈತಿ. ನಡುವ ಎರಡು ಕಡೆ ಇಳದು ಎಣ್ಣಿ ಕುಡೀತೈತಿ. ಸಂಜಿಮುಂದ ಕೈರೋದಾಗ."

"ಯಾವತ್ತಿನ ಸಂಜಿಮುಂದ್ರಿ?"

"ಅವತ್ತಿಂದ ಸಂಜಿಮುಂದ. ಹತ್ತು ತಾಸಿನ ಒಳಗಿನ ಹಾದಿ."

"ಹದಿನೇಳುನೂರು ಮೈಲು, ಹತ್ತು ತಾಸಿನ್ಯಾಗ?" ಎಂದ ಅಣ್ಣ.

"ಹದಿನೇಳುನೂರು ಯಾರು ಹೇಳಿದ್ರು? ಸಾವಿರ ಮೈಲು."

ನಾನು ಬಗ್ಗಿ ನೋಡಿದೆ. ಆ ನಕಾಶೆಯಲ್ಲಿ ಊರಿನಿಂದ ಊರಿಗೆ ಗೆರೆ ಎಳೆದಿದ್ದರು. ನದಿ ಅತ್ತ ಡೊಂಕಾಗಿ ಇತ್ತ ಡೊಂಕಾಗಿ ಹೋಗಿತ್ತು. ಗೆರೆ ಅದರ ಗೊಡವೆಗೇ ಹೋಗದೆ, ಬಟ್ಟೆ ಒಣಹಾಕುವ ಹಗ್ಗದ ಹಾಗೆ ನೆಟ್ಟಗೆ ಎಳೆದುಕೊಂಡಿತ್ತು. ನನಗೆ ಥಟ್ಟನೆ ತಿಳಿಯಿತು. ಭಾವ ಎತ್ತಿಗೆ ನೀರು ಕುಡಿಸುತ್ತ ಹೋಗಿದ್ದ. ವಿಮಾನಕ್ಕೆ ಎತ್ತು ಕಟ್ಟಿರಲಿಲ್ಲ.

ಅಷ್ಟು ದೊಡ್ಡ ಬಂಡಿಗಾರ, ಅಷ್ಟು ದಾರಿ ಬಲ್ಲವ! ಪೋಸ್ಟಿನ ಕಟ್ಟೆಯ ಮೇಲೆ ನಿಂತು ನಾನು ನಕ್ಕೆ. ತಿಂಗಳಾಗಿತ್ತು ನಕ್ಕು.

ಪೋಸ್ಟಮಾಸ್ತರು ದೂರವನ್ನೂ ಹೊತ್ತನ್ನೂ ಒಂದು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರು. ಕೊಡುವಾಗ ಹೇಳಿದರು: "ಇದು ಟಪಾಲು ಹೊರೋ ವಿಮಾನ ತಂಗಿ. ದವಾಖಾನಿ ಮಂದೀನ ಒಯ್ತಾರೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಬರದು ಕೊಡಾಂಗಿಲ್ಲ."

ಹಾಗಾದರೆ ಕಂಡವನನ್ನೇ ಕೇಳಬೇಕು. ಬಂಡಿಯನ್ನು ಹಿರೇಕೆರೂರಿನ ಕಡೆ ತಿರುಗಿಸಲಿಲ್ಲ. ಬಂಕಾಪುರ ದಾಟಿ, ಶಿಗ್ಗಾವಿ ದಾಟಿ, ಮರುದಿನ ಮಧ್ಯಾಹ್ನಕ್ಕೆ ತಡಸ ಮುಟ್ಟಿದೆವು. ಅಣ್ಣ ತಂದ ಜೋಕಾಲಿಯ ಹಗ್ಗದ ಮೇಲೆ ಕೂತು ಅಷ್ಟೂ ದಾರಿ ಹೋದೆ.

ಆ ಸಿಪಾಯಿ ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಚಹಾ ಕುಡಿಯುತ್ತಿದ್ದ. ನನ್ನನ್ನು ಕಂಡು ಬಟ್ಟಲು ಕೆಳಗಿಟ್ಟು ಎದ್ದ.

"ಕುಂದರಪಾ. ಒಂದು ಮಾತು ಕೇಳಾಕ ಬಂದೇನಿ. ಆ ದವಾಖಾನಿ ಹತ್ರ ವಿಮಾನ ಇದ್ವೇನು?"

"ಇದ್ವಲ್ಲ ಅಕ್ಕಾರ. ಹಿಂದಿನ ಬಯಲಾಗ ಇಳೀತಿದ್ವು. ಆ ಮಂಗಳವಾರ ಮುಂಜಾನಿ ಒಂದು ಎದ್ದು ಹೋತು ನೋಡ್ರಿ, ಬಗಲಾಗ ಕೆಂಪು ಗುರ್ತು ಬರದದ್ದು. ಅದರ ಧೂಳೆಲ್ಲಾ ಬಂದು ನನ್ನ ಚಹಾದಾಗ ಬಿತ್ತು. ಮನಸಾರೆ ಬೈದೆ."

"ಚಹಾ ಹಾಳಾತಂತ ಬೈದಿ. ಅದರಾಗ ಏನು ಹೇರಿದ್ರು ಅಂತ ನೋಡ್ಲಿಲ್ಲೇನು?"

"ನೋಡಿದ್ನಲ್ರಿ. ನಾಕು ಡೋಲಿ..." ಎಂದವನು ಅಲ್ಲಿಗೇ ನಿಂತ. ಬಾಯಿ ತೆರೆದೇ ಇತ್ತು.

"ಡೋಲಿಯಾಗ ಯಾರಿದ್ರು?"

"ಕಂಬಳಿ ಹೊದ್ದಿಸಿದ್ರು ಅಕ್ಕಾರ. ಮಾರಿ ಕಾಣ್ಲಿಲ್ಲ."

"ಸತ್ತವರನ್ನ ವಿಮಾನದಾಗ ಒಯ್ತಿದ್ರೇನು?"

"ಛೇ, ಇಲ್ಲ. ಸತ್ತವರನ್ನ ಅಲ್ಲೇ ಮಣ್ಣು ಮಾಡ್ತಿದ್ರು. ಎದ್ದು ನಿಲ್ಲೋ ತಾಕತ್ತು ಇದ್ದವರನ್ನೆಲ್ಲಾ ಸಾಲಾಗಿ ನಿಲ್ಲಿಸಿ ಸಲಾಮು ಹೊಡಸ್ತಿದ್ರು."

"ಆ ಮಂಗಳವಾರ ನಿಲ್ಲಿಸಿದ್ರೇನು ನಿನ್ನ?"

ಅವನು ಹಣೆ ಹಣೆ ಬಡಿದುಕೊಂಡ. "ಇಲ್ಲ ಅಕ್ಕಾರ. ನಿಲ್ಲಿಸ್ಲಿಲ್ಲ. ಸಂಜಿ ರೈಲಿಗೆ ಹೋಗೂತನಾ ಯಾರನ್ನೂ ಮಣ್ಣು ಮಾಡ್ಲಿಲ್ಲ."

ಅಣ್ಣ ಬಾರುಕೋಲು ಎತ್ತಿದ. "ಲೇ ಹುಚ್ಚಾ, ಒಂದು ಖಾಲಿ ಖಾಟು ನೋಡಿ ನನ್ನ ತಂಗೀನ ರಂಡಿ ಮಾಡಾಕ ಬಂದೇನಲೇ?"

ನನಗೂ ಹೊಡೆಯಬೇಕೆನಿಸಿತ್ತು. ಆದರೆ ಅವನ ಪಾಳಿ ಅಲ್ಲ ಅದು. "ಬಿಡಣ್ಣಾ. ಅಂವಾ ತಿಳೀದ ಹೇಳಿದ. ತಿಳಿದು ಮಾಡಿದವ್ರು ಆಡೂರಾಗ ಅದಾರ" ಅಂದೆ. ಸಿಪಾಯಿಯನ್ನು ಬಂಡಿಗೆ ಹತ್ತಿಸಿಕೊಂಡೆವು.

ನಾವು ಆಡೂರು ಮುಟ್ಟಿದ್ದು ಅಮಾವಾಸ್ಯೆಯ ಮರುದಿನ, ಬಿಸಿಲೇರುವ ಹೊತ್ತಿಗೆ. ಅಂಗಳದಲ್ಲಿ ಜಂಗಮರು ಸಾಲಾಗಿ ಕೂತಿದ್ದರು. ಹುಗ್ಗಿ ಕುದಿಯುವ ವಾಸನೆ. ಸಾಲೆಯಲ್ಲಿ ನಕ್ಕ ಹಿರಿಯರೆಲ್ಲ ಇದ್ದರು. ಹಿತ್ತಲ ಬಾಗಿಲ ಹತ್ತಿರ ಒಂದು ಮಣೆ, ಮಣೆಯ ಪಕ್ಕ ಒಂದು ಗುಂಡುಕಲ್ಲು. ಒರಳಿನ ಕಲ್ಲಲ್ಲ, ಅದಕ್ಕಿಂತ ಸಣ್ಣದು. ಕೈಯಲ್ಲಿ ಹಿಡಿಯಲು ಸರಿಹೋಗುವಂಥದನ್ನು ನೆಗೆಣ್ಣಿ ಹುಡುಕಿ ತಂದಿದ್ದಳು. ಬಳೆಗಾರ ಅಜ್ಜ ಪಂಚಮಿಯ ಬಳೆಯ ಮಲಾರ ಹೊತ್ತು ಬಂದವನು, ಒಳಗೆ ಬರಬೇಕೋ ಬೇಡವೋ ತಿಳಿಯದೆ ಎದುರಿನ ಕಟ್ಟೆಯ ಮೇಲೆ ಕೂತಿದ್ದ.

"ಹೊತ್ತಾತು, ಬಾ" ಎಂದು ನೆಗೆಣ್ಣಿ ಕೈ ಹಿಡಿದಳು. ಕೊಸರಿಕೊಂಡೆ. ಪಡಸಾಲೆಯ ಕಂಬದ ಮುಂದೆ ಹೋಗಿ ನಿಂತು, ಅಂಗಳಕ್ಕೆಲ್ಲ ಕೇಳುವಂತೆ ಕಂಬಕ್ಕೆ ಹೇಳಿದೆ: "ಗುರುಗಳು ಆಫ್ರಿಕಾ ನಕಾಶಿ ತರಬೇಕು."

ಗುರುಗಳು ಓಡಿಯೇ ಹೋದರು. ನಕಾಶೆ ಬಂತು, ಗೋಡೆಗೆ ಏರಿತು. ನಾನು ಕರಡಿಗೆಯ ಬಟ್ಟೆ ಬಿಚ್ಚಿ ನೂಲು ತೆಗೆದೆ. ಅಯ್ಯನವರ ಮುಂದೆ ಹಿಡಿದೆ.

"ಅಯ್ಯನವರ, ಇದು ನಮ್ಮ ಭಾವನವರು ತಮ್ಮ ಕೈಯಾರೆ ಅಳದು ಕಡಿದ ನೂಲು. ಹೌದಿಲ್ಲೋ ಅಂತ ಅವರನ್ನ ಕೇಳ್ರಿ."

ಭಾವ ಹೌದೆಂದ. ಒಂದು ತುದಿ ಖಾರ್ಟೂಮಿನ ಮೇಲೆ ಗುರುಗಳ ಬೆರಳಿಂದ ಒತ್ತಿಸಿದೆ. ನೂಲನ್ನು ನೆಟ್ಟಗೆ ಕೈರೋ ತನಕ ಎಳೆದು ಹಿಡಿದೆ. ಕೈರೋ ಮುಟ್ಟಿದ ಮೇಲೂ ನೂಲು ಉಳಿಯಿತು. ಎಂಟು ಬೆರಳು ನೂಲು ಕೆಳಗೆ ಜೋತುಬಿತ್ತು.

"ಇಷ್ಟು ಹೆಚ್ಚಾತು" ಅಂದೆ ಕಂಬಕ್ಕೆ. "ಇದು ಎತ್ತು ನೀರು ಕುಡದ ಲೆಕ್ಕ. ವಿಮಾನ ಎಲ್ಲಿ ನೀರು ಕುಡೀತೈತಿ ಅಂತ ಬಂಡಿ ಹೊಡಿಯೋರ್ನ ಕೇಳ್ರಿ."

ಈ ಸಲ ನಗು ಬೇರೆ ಕಡೆ ಎದ್ದಿತು. ಪೋಸ್ಟಮಾಸ್ತರ ಹಾಳೆಯನ್ನು ಅಯ್ಯನವರು ಗಟ್ಟಿಯಾಗಿ ಓದಿದರು: ಸಾವಿರ ಮೈಲು, ಮುಂಜಾನೆ ಬಿಟ್ಟು ಅದೇ ಸಂಜೆ. ಸಿಪಾಯಿ ಎದ್ದು ನಿಂತು ಧೂಳು ಬಿದ್ದ ಚಹಾ, ಕೆಂಪು ಗುರುತು, ನಾಲ್ಕು ಡೋಲಿ ಎಲ್ಲ ಹೇಳಿದ. ಲಿಂಗ ಮುಟ್ಟಿ ಹೇಳಿದ. ಕಾಗದದಲ್ಲಿ ಮಸಿ ಬಳಿದ ಎರಡು ಸಾಲು ಯಾವುದಿರಬೇಕೆಂದು ಆಗ ಎಲ್ಲರಿಗೂ ತಿಳಿಯಿತು. ಹೇಗೆ ಒಯ್ದರು ಎಂಬುದನ್ನೇ ಸರಕಾರ ಅಳಿಸಿತ್ತು.

ಅಯ್ಯನವರು ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ನನ್ನ ತಲೆಯ ಮೇಲಿಟ್ಟರು. "ತಾರು ಬರೂತನಾ ಈಕಿ ಮುತ್ತೈದಿ. ಯಾರೂ ಈ ಮಾತು ಎತ್ತಬ್ಯಾಡ್ರಿ. ಹುಗ್ಗಿ ಬಡಸ್ರಿ" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು ಎಂದು ಒಳ್ಳೆಯವರು ಹೇಳಬಹುದು. ನಾನು ಮುಗಿಸಲಿಲ್ಲ. ಎದುರಿನ ಕಟ್ಟೆಯತ್ತ ಕೂಗಿದೆ: "ಅಜ್ಜಾ, ಬಾ. ಪಂಚಮಿ ಬಳಿ ಇಡ್ತೇನಿ ಅಂದಿದ್ದಿಲ್ಲ?"

ಅಜ್ಜ ಬಂದು ಮಲಾರ ಇಳಿಸಿದ. ಬಳೆ ಒಡೆಯಲೆಂದು ಇಟ್ಟಿದ್ದ ಮಣೆಯ ಮೇಲೇ ಕೂತು ಕೈ ಚಾಚಿದೆ, ಆದರೆ ಅಜ್ಜನ ಕಡೆಗಲ್ಲ.

"ಅಕ್ಕಾ, ನೀ ಇಡು."

ನೆಗೆಣ್ಣಿ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅಯ್ಯನವರ ಮುಖ ನೋಡಿದಳು. ಅಯ್ಯನವರು ಹುಗ್ಗಿ ನೋಡುತ್ತಿದ್ದರು. ಕೊನೆಗೆ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಬಳೆ ಇಡುವುದು ಸುಲಭವಲ್ಲ. ಹಸ್ತವನ್ನು ಹಿಚುಕಿ, ಹೆಬ್ಬೆರಳು ಒಳಗೆ ಮಡಿಸಿ ನವುರಾಗಿ ಏರಿಸಬೇಕು. ಆಕೆಗೆ ಬರುತ್ತಿರಲಿಲ್ಲ. ಮೊದಲ ಬಳೆಯೇ ಗಂಟಿನ ಹತ್ತಿರ ಸಿಕ್ಕಿಕೊಂಡಿತು.

"ಖಾರ್ಟೂಮಿನಿಂದ ಕೈರೋ ಎಷ್ಟು ಮೈಲು ಅಕ್ಕಾ?" ಅಂದೆ.

ಆಕೆ ಬಳೆಯನ್ನೇ ತಿರುವುತ್ತಿದ್ದಳು. ನಾನು ಕೈ ಹಿಂದೆಳೆದುಕೊಂಡೆ.

"ಸಾವಿರ" ಅಂದಳು.

"ಎಷ್ಟು ಹೊತ್ತಿನ ಹಾದಿ?"

"ಒಂದು ಹಗಲು."

ಕೈ ಕೊಟ್ಟೆ. ಬಳೆ ಏರಿತು. ಎರಡನೆಯ ಬಳೆಗೂ ಕೇಳಿದೆ. ಮೂರನೆಯದಕ್ಕೂ ಕೇಳಿದೆ. ಐದನೆಯದು ಒಡೆದು ನನ್ನ ಮಣಿಕಟ್ಟಿನಲ್ಲಿ ರಕ್ತ ಬಂತು.

"ಸಾಕು ತಾಯಿ, ಉಳದಾವು ನಾ ಇಡ್ತೇನಿ" ಎಂದ ಅಜ್ಜ, ನನಗೆ ಮಾತ್ರ ಕೇಳುವಂತೆ.

"ಇನ್ನೂ ಎಂಟು ಅದಾವ ಅಜ್ಜಾ" ಅಂದೆ.

ಹನ್ನೆರಡು ಬಳೆಗೂ ಹನ್ನೆರಡು ಸಲ ಹೇಳಿಸಿದೆ. ಸಾವಿರ ಮೈಲು, ಒಂದು ಹಗಲು. ಕಡೆಯ ಹೊತ್ತಿಗೆ ಆಕೆ ನಾನು ಕೇಳುವ ಮೊದಲೇ ಹೇಳುತ್ತಿದ್ದಳು, ಬೇಗ ಮುಗಿಯಲಿ ಎಂದು. ಆ ಗುಂಡುಕಲ್ಲನ್ನು ಎತ್ತಿ ಬಾಗಿಲು ಬಡಿಯದಂತೆ ಪಡಸಾಲೆಯ ಕದಕ್ಕೆ ಇಟ್ಟೆ. ಇಂದಿಗೂ ಅಲ್ಲೇ ಇದೆ. ದಿನಕ್ಕೆ ಹತ್ತು ಸಲ ಆಕೆ ಅದನ್ನು ದಾಟಬೇಕು.

ಗಂಡ ಎರಡು ವರ್ಷದ ಮೇಲೆ ಬಂದರು. ಏರು ಹತ್ತಿದರೆ ಉಸಿರು ಸಾಲದು, ಅಷ್ಟು ಬಿಟ್ಟರೆ ಇಡಿಯಾಗಿ ಬಂದರು. ವಿಮಾನ ಹತ್ತಿದ್ದು ಅವರಿಗೆ ನೆನಪೇ ಇರಲಿಲ್ಲ. ಕಣ್ಣು ಮುಚ್ಚಿದಾಗ ಒಂದು ಊರು, ತೆರೆದಾಗ ಇನ್ನೊಂದು ಊರು ಎಂದರು. ನಡೆದದ್ದನ್ನು ಕೇಳಿ, "ಹೋಗ್ಲಿ ಬಿಡು, ಅಣ್ಣ ಅತ್ತಿಗಿ ಅಲ್ಲೇನು" ಎಂದರು. ಅವರ ಎಲ್ಲ ಮಾತನ್ನೂ ಕೇಳಿದ್ದೇನೆ, ಅದೊಂದನ್ನು ಬಿಟ್ಟು. ಅಲ್ಲಿಂದ ಮುಂದೆ ಪ್ರತಿ ಪಂಚಮಿಗೂ ನನ್ನ ಮೊದಲ ಬಳೆಯನ್ನು ನೆಗೆಣ್ಣಿಯೇ ಇಡಬೇಕು, ಸಾವಿರ ಮೈಲು ಒಂದು ಹಗಲು ಎನ್ನಬೇಕು. ಭಾವ ಬಂಡಿ ಹೂಡಿದಾಗಲೆಲ್ಲ ನಾನು ಕಂಬವನ್ನು ಕೇಳುತ್ತೇನೆ: "ಇವತ್ತಿನ ದಾರಿ ಹಳ್ಳದ ಗುಂಟನೋ, ನೆಟ್ಟಗೋ?" ಅವನು ಎತ್ತಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾನೆ. ಇದು ಪಾಪವಾಗಿದ್ದರೆ ಶಿವನ ಎದುರು ನಿಂತು ನಾನೇ ಹೇಳುತ್ತೇನೆ, ಯಾರೂ ಚಾಡಿ ಹೇಳಬೇಕಾಗಿಲ್ಲ.

ಅವೆಲ್ಲ ಆಮೇಲಿನ ಮಾತು. ಆ ದಿನ ಜಂಗಮರು ಹುಗ್ಗಿ ಉಂಡು ಎದ್ದರು, ಸಿಪಾಯಿಯೂ ಉಂಡ, ಅಣ್ಣ ಎತ್ತಿಗೆ ನೀರು ತೋರಿಸಿದ. ಸಂಜೆಯೊಳಗೆ ತವರಿಗೆ ಹೊರಡಬೇಕಿತ್ತು. ಗಂಟು ಕಟ್ಟುವ ಮೊದಲು ದೇವರ ಗೂಡಿನ ಕೆಳಗಿದ್ದ ಬತ್ತಿಯ ಬುಟ್ಟಿ ಎಳೆದುಕೊಂಡೆ. ತಿಂಗಳಿನಿಂದ ಅರವತ್ತೊಂದಕ್ಕೇ ನಿಂತಿತ್ತು. ಭಾವನ ನೂಲಿನಲ್ಲಿ ಹೆಚ್ಚಾಗಿ ಉಳಿದ ಎಂಟು ಬೆರಳಷ್ಟನ್ನು ಹಲ್ಲಿನಿಂದ ಕಡಿದೆ. ಬೆರಳಿಗೆ ಬೂದಿ ಹಚ್ಚಿ, ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲಿಟ್ಟು ಒಂದೇ ಎಳೆತಕ್ಕೆ ಹೊಸೆದೆ. ಇಪ್ಪತ್ನಾಲ್ಕು ಬಳೆ ಒಟ್ಟಿಗೆ ಸದ್ದು ಮಾಡಿದವು. ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ನೆಗೆಣ್ಣಿಗೆ ಕೇಳುವಂತೆ, "ಅರವತ್ತೆರಡು" ಎಂದೆ.